ಒಂದು ತೋಳಿನ ಅಂಗಿ

ಅಪ್ಪಾ,

ನೀನು ಓದಲಾರೆ, ಅದಕ್ಕೇ ಬರೆಯುವ ಧೈರ್ಯ ಬಂದಿದೆ. ಈಗ ನನಗೂ ಸಕ್ಕರೆ ಕಾಯಿಲೆ. ಇವತ್ತು ಆಸ್ಪತ್ರೆಯ ಸಿಸ್ಟರ್ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸುತ್ತಾ, ಕೆಲಸವೇನೆಂದು ಕೇಳಿದರು. ಹೊಲಿಗೆ, ಅಪ್ಪನ ಕಾಲದ ತುಳಿಯುವ ಮಷೀನು ಎಂದೆ.

"ಹಾಗಾದ್ರೆ ತೊಡೆಗೆ ಚುಚ್ಕೋಬೇಡಿ," ಎಂದರು. "ರಕ್ತದ ಸಕ್ಕರೆನ ಸ್ನಾಯುವಿನೊಳಗೆ ಬಿಡೋದು ಇನ್ಸುಲಿನ್. ಆದ್ರೆ ದುಡಿಯೋ ಕಾಲು ಅದಕ್ಕೂ ಕಾಯಲ್ಲ, ತಾನೇ ಎಳ್ಕೊಳ್ಳತ್ತೆ. ತುಳೀತಿದ್ರೆ ತೊಡೆಗೆ ಹಾಕಿದ ಮದ್ದೂ ಬೇಗ ಏರತ್ತೆ. ಹೊಟ್ಟೆ ಖಾಲಿಯಿದ್ರಂತೂ ಸಕ್ಕರೆ ಸರ್ರಂತ ಇಳಿದು ಜೀವಕ್ಕೇ ಕುತ್ತು."

ನೀನು ತೀರಿಕೊಂಡ ದಿನ ನಿನ್ನ ತೊಡೆಗೆ ಇನ್ಸುಲಿನ್ ಚುಚ್ಚಿದ್ದು ನಾನು. "ನನ್ನ ಅಂಗಿ ಮುಗಿಸಿ ಆಮೇಲೆ ಊಟಕ್ಕೆ ಏಳಪ್ಪ" ಎಂದು ಪಟ್ಟು ಹಿಡಿದವಳೂ ನಾನು. ನೀನು ಬೆವರಿದೆ, ಹೊಲಿಗೆ ಸೊಟ್ಟಗೆ ಹೋಯಿತು. "ಹಗಲಲ್ಲೇ ಕುಡಿದ್ಯಾ?" ಎಂದು ನಾನು ರೇಗಿದೆ.

"ಇಲ್ಲ ಕಣೇ, ಕಣ್ಣು ಮಂಜಾಗ್ತಿದೆ. ಇನ್ನೊಂದು ತೋಳು ತಾನೆ, ಮುಗಿಸ್ತೀನಿ ಬಿಡು" ಎಂದೆ ನೀನು. ನೀನು ಮಷೀನಿನ ಮೇಲೆ ತಲೆಯಿಟ್ಟಾಗ, ನಿದ್ದೆ ಹತ್ತಿತೆಂದು ನಾನು ಬಾಗಿಲು ಮುಂದೆ ಮಾಡಿ ಹೋದೆ.

"ಏನಾದ್ರೂ ಕೇಳೋದಿದ್ಯಾ?" ಎಂದರು ಸಿಸ್ಟರ್. ಇಲ್ಲ ಎಂದೆ.

ಮನೆಗೆ ಬಂದು, ಊಟ ಮಾಡಿಯೇ ನಿನ್ನ ಮಷೀನಿಗೆ ಕೂತೆ. ಪೆಟ್ಟಿಗೆಯಲ್ಲಿರುವ ಆ ಅಂಗಿಗೆ ಇನ್ನೂ ಒಂದೇ ತೋಳು.