ಸುಣ್ಣ ಕಾಣದ ಆರು ಬಿಲ್ಲೆ

7-10-1979, ಸುಗಟೂರು
ಹುಳುಮನೆ ಬಾಗಿಲಲ್ಲೇ ತಂಗಿ ವೆಂಕಟರತ್ನ ಇವತ್ತೂ ತಡೆದಳು. "ನಶ್ಯದ ಮೂಗು ಇಟ್ಕೊಂಡು ಬರಬೇಡ ಅಣ್ಣಾ, ರೇಷ್ಮೆಹುಳು ಸಾಯ್ತವೆ." ಸೂರು ಹಾಕಿದವನಿಗೇ ಬಾಗಿಲು ಬಂದ್!

ಹಳೇ ಮಣ್ಣುಗೋಡೆ, ಕಲ್ಲುಚಪ್ಪಡಿ ಹೊರಲ್ಲ. ಅದಕ್ಕೇ ಸೂರಿಗೆ ನಾನೇ ಅಚ್ಚಲ್ಲಿ ಹುಯ್ದ ಹಗುರ ಬಿಲ್ಲೆಗಳು — ಭತ್ತದ ಹೊಟ್ಟಿನ ಬೂದಿ, ಕಡ್ಲೆಕಾಯಿ ಸಿಪ್ಪೆ, ಒಂದಿಷ್ಟು ಸಿಮೆಂಟು, ಒಳಗೆ ಬಿದಿರು ದಬ್ಬೆ. ಒಬ್ಬನೇ ಹೊತ್ತು ಏಣಿ ಹತ್ತಿದ್ದೆ, ಈ ವಯಸ್ಸಲ್ಲಿ. ಹೊಟ್ಟು ತಂದುಕೊಡೋ ಅಜ್ಮತುಲ್ಲಾ ರೇಗಿಸ್ತಾನೆ: "ಮಳೆ ಬಂದ್ರೆ ನಿನ್ ಸೂರು ಮೊಳಕೆ ಬರ್ತದೆ ಮೇಸ್ತ್ರಿ!" ನಗಲಿ.

10-10, ಸಂಜೆ
ಮೂರು ದಿನದಿಂದ ಮಳೆ. ಅಂಗಳದಲ್ಲಿ ಮಿಕ್ಕಿದ್ದ ಬಿಲ್ಲೆ ಮೇಲೆ ನಿಂತು ಕಾಲು ತೊಳೀತಿದ್ದೆ. ಮುರೀತು. ಬೆಲ್ಲದಚ್ಚಿನ ಹಾಗೆ ಪುಡಿ ಪುಡಿ.

ಆಮೇಲೆ ಹೊಳೀತು. ಸಿಪ್ಪೆ ಸುಣ್ಣದ ನೀರಲ್ಲಿ ನೆನೀಬೇಕು, ಇಲ್ಲದಿದ್ರೆ ಸಿಮೆಂಟು ಕಚ್ಚಲ್ಲ. ಬಿಲ್ಲೆ ಹುಯ್ದ ಕೊನೇ ದಿನ ಸುಣ್ಣ ಇರಲಿಲ್ಲ, ಹಿಂದಿನ ಬೆಳೆಯ ಹುಳುವಿಗೆ ರೋಗ ಬರದ ಹಾಗೆ ಎರಚೋಕೆ ರತ್ನ ಎಲ್ಲಾ ಒಯ್ದಿದ್ದಳು. ಕೇಳಬಹುದಿತ್ತು. ಬರೀ ನೀರಲ್ಲಿ ನೆನೆಸಿ ಹುಯ್ದೆ... ಆವತ್ತು ಏಳು. ಒಂದು ಈಗ ಮುರೀತು. ಆರು ಮೇಲೆ, ಪಡುವಣ ಮೂಲೇಲಿ. ಅದರ ಕೆಳಗೇ ರಾತ್ರಿ ಹುಳು ಕಾಯ್ತಾ ಅವಳು ಮಲಗೋ ಚಾಪೆ.

11-10
ರತ್ನಂಗೆ ಹೇಳಲಿಲ್ಲ. ಅಜ್ಮತುಲ್ಲಾ ಬಂದಿದ್ದ, ನೂಲು ತೆಗೆಯೋ ತನ್ನ ರೀಲಿಂಗ್ ಶೆಡ್ಡಿಗೂ ಇಂಥದೇ ಸೂರು ಹಾಕ್ಕೊಡು ಅಂದ. ಹೂಂ ಅಂದುಬಿಟ್ಟೆ. ಥೂ.

14-10, ಬೆಳಿಗ್ಗೆ
ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದವು. ಬಾಗಿಲ ಹೊರಗೆ ನಿಂತು ಹೇಳಿಬಿಟ್ಟೆ. ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ಬೈತಾಳೆ ಅಂದ್ಕೊಂಡೆ.

"ಈಗ ಹೇಳ್ತೀಯಾ? ಗೂಡು ಕಟ್ಟೋಕೆ ಇನ್ನು ಏಳು ದಿನ. ಇಷ್ಟು ಹುಳದ ತಟ್ಟೆ ಎಲ್ಲಿಗೆ ಸಾಗಿಸ್ಲಿ?"
"ಬಿಲ್ಲೆ ಕಿತ್ತುಬಿಡ್ತೀನಿ."
"ಮಳೇಲಾ? ಹುಳದ ಮೇಲೆ ಬೂದಿ ಸುರಿಯೋಕಾ?"

ಬಿಲ್ಲೆಗೆ ಕೆಳಗಿಂದ ಆಸರೆ ಕೊಡೋಣ ಅಂದ್ರೆ ತಟ್ಟೆ ಸಾಲಿನ ಮಧ್ಯೆ ಎರಡೇ ಕಂಬಕ್ಕೆ ಜಾಗ.

"ಆ ಮೂಲೆಗೆ ಸೊಪ್ಪು ಹಾಕೋರು ಯಾರು ಅಣ್ಣಾ?"
"ನಾನು."
"ನಶ್ಯ?"
ಡಬ್ಬಿ ತಿಪ್ಪೆಗೆ ಎಸೆದೆ. ಮೂಗು ಮೂರು ಸಲ ತೊಳೆಸಿದಳು, ಮಗುವಿಗೆ ತೊಳೆಸೋ ಹಾಗೆ. ತಲೆಗೂ ನೀರು.

15-10
ಎರಡೆರಡು ಬಿಲ್ಲೆಯ ಸಂದಿಗೆ ಒಂದರಂತೆ ಎರಡು ನೀಲಗಿರಿ ಕಂಬ ಕೊಟ್ಟೆ. ನಾಲ್ಕು ಬಿಲ್ಲೆ ನಿಂತವು. ಇನ್ನೆರಡಕ್ಕೆ ಆಸರೆ ಏನೂ ಇಲ್ಲ. ಚಾಪೆ ಬದಲಾಯಿಸಿದೆ — ಅವಳದು ಬಾಗಿಲ ಕಡೆ, ನನ್ನದು ಇಲ್ಲಿ, ಆ ಎರಡರ ಕೆಳಗೆ. ಅಜ್ಮತುಲ್ಲಾಗೆ ಹೇಳಿ ಕಳಿಸಿದೆ, ಸದ್ಯಕ್ಕೆ ಬೇಡ ಅಂತ.

17-10, ಮಧ್ಯಾಹ್ನ
ಇನ್ನು ನಾಲ್ಕು ದಿನ. ಹೊರಗೆ ಮಳೆ, ಒಳಗೆ ಹುಳು ಸೊಪ್ಪು ತಿನ್ನೋ ಸದ್ದು — ಎರಡೂ ಒಂದೇ ಥರ. ನಶ್ಯ ಇಲ್ಲದೆ ತಲೆ ಸಿಡೀತಿದೆ. "ಹೊರಗೆ ಬಾ ಅಣ್ಣಾ, ಮುದ್ದೆ ಆರ್ತಿದೆ" ಅಂತಾಳೆ. ಈ ಸಾಲು ಮುಗಿಸಿ ಬರ್ತೀನಿ ಅಂದೆ.
ಬರೀತಿರೋ ಪುಸ್ತಕದ ಮೇಲೆ ಸೂರಿಂದ ಬೂದಿ ಉದುರಿದೆ. ಊದಿದೆ.
ಮತ್ತೆ