ಕಡಕ್ ಡೆವಲಪರ್

ಜನವರಿ 7, ಭಾನುವಾರ. ಸರಸ್ವತಿ ನಗರ

ಬಾತ್‌ರೂಮ್ ಮತ್ತೆ ಡಾರ್ಕ್‌ರೂಮ್. ಬಟ್ಟೆ ಒಗೆಯುವುದು ಯಾವಾಗ ಎಂದು ವಾಣಿ ಬಾಗಿಲು ಬಡಿದಳು. ಮದುವೆಯಾಗಿ ಇಪ್ಪತ್ತು ವರ್ಷ, ಇನ್ನೂ ಅಭ್ಯಾಸವಾಗಿಲ್ಲ ಪಾಪ.

ನಿನ್ನೆ ಹರಿಹರಕ್ಕೆ ಹೋಗಿ ಅಮೀನಾಬೀ ಅವರ ಫೋಟೋ ತೆಗೆದೆ. ಅವರ ಯಜಮಾನರಾದ ಬಡೇಸಾಬರ ಆಸೆ. ಪ್ರೆಸ್ಸಿನಲ್ಲಿ ನನಗೆ ಫಿಲ್ಮ್ ಕೆಲಸ ಕಲಿಸಿದವರು. ಈಗ ಕಣ್ಣಿನ ನರ ಸೋತಿದೆ. ಹೆಂಡತಿಯ ಮುಖ ಕಂಡು ನಾಲ್ಕು ವರ್ಷ. "ಫೋಟೋದಾಗಾದ್ರೂ ಕಾಣ್ತಾಳೇನೋ ನೋಡಾಣ" ಅಂದರು.

ಇದ್ದದ್ದು ಪ್ರೆಸ್ಸಿನ ಹೈ ಕಾಂಟ್ರಾಸ್ಟ್ ಫಿಲ್ಮ್. ಕೊನೆಯ ರೋಲ್. ಲಗ್ನಪತ್ರಿಕೆಯ ಅಕ್ಷರಕ್ಕೆ ಬಳಸುತ್ತಿದ್ದದ್ದು — ಕಡಕ್ ಡೆವಲಪರ್ ದ್ರಾವಣದಲ್ಲಿ ತೊಳೆದರೆ ಬರೀ ಕಪ್ಪು, ಬರೀ ಬಿಳಿ. ಚೂರು ಬೂದು ಬಂದರೂ ಬಡೇಸಾಬರು ಬೈಯುತ್ತಿದ್ದರು. ಆದರೆ ಮುಖಕ್ಕೆ ಬೂದು ಬೇಕಲ್ಲ? ನೀರು ಹೆಚ್ಚು ಬೆರೆಸಿದ ಮೆತ್ತನೆಯ ಡೆವಲಪರ್ರೇ ಸರಿ. ರೋಲ್ ಪೂರ್ತಿ ಅವರದೇ ಮುಖ; ಯಾವುದಕ್ಕೂ ಇರಲಿ ಎಂದು ಅರ್ಧ ಕತ್ತರಿಸಿ, ತೊಳೆಯದೆ ಎತ್ತಿಟ್ಟೆ.

ಜನವರಿ 9

ಅಬ್ಬಾ! ಕೆನ್ನೆಯ ಸುಕ್ಕು, ಸೆರಗಿನ ನೆರಳು… ಎಲ್ಲ ಬಂದಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜನವರಿ 14, ಭಾನುವಾರ

ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಬಡೇಸಾಬರು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು.

"ಯಾರಿದು?"

"ನಾನೇ ರೀ," ಅಮೀನಾಬೀ ನಕ್ಕರು. "ಬ್ಯಾರೆ ಯಾರ್ನ ಕೂಡ್ಸಿದ್ರಿ?"

ನನಗೆ ನಗು ಬರಲಿಲ್ಲ.

ಬಸ್‌ಸ್ಟ್ಯಾಂಡ್ ತನಕ ಕಳಿಸಲು ಬಂದರು ಬಡೇಸಾಬರು. "ಇದು ನಿಂದಲ್ಲ ನಾಗಭೂಷಣ, ಮಲೆಬೆನ್ನೂರು ಬಸ್ಸು" ಅಂದರು. ಬಿಳಿ ಬೋರ್ಡು, ದಪ್ಪ ಕಪ್ಪು ಅಕ್ಷರ. ಓದಿಯೇ ಬಿಟ್ಟಿದ್ದರು! ದಡ್ಡ ನಾನು. ಬೂದು ನನಗೆ ಚಂದ, ಅವರಿಗೆ ಬರೀ ಮಂಜು.

ಜನವರಿ 16

ಉಳಿದರ್ಧ ಕಡಕ್ ಡೆವಲಪರ್‌ಗೆ. ಕೆಟ್ಟರೆ ಬೇರೆ ಫಿಲ್ಮ್ ಇಲ್ಲ.

ಕೆಡಲಿಲ್ಲ. ಪ್ರಿಂಟ್‌ನಲ್ಲಿ ಹುಬ್ಬು, ಮೂಗುತಿ, ಬಾಯಿಯ ಗೆರೆ ಅಚ್ಚ ಕಪ್ಪು. ಉಳಿದದ್ದೆಲ್ಲ ಬಿಳಿ. "ಎಲೆಕ್ಷನ್ ಪೋಸ್ಟರ್ ಇದ್ದಂಗೈತೆ" ಎಂದಳು ವಾಣಿ. ನಿಜ ಹೇಳಬೇಕೆಂದರೆ ನನಗೂ ಹಿಡಿಸಲಿಲ್ಲ.

ಜನವರಿ 21, ಭಾನುವಾರ. ಸಂಜೆ, ಬಸ್ಸಿನಲ್ಲಿ

ಬಡೇಸಾಬರು ಹೊಸ ಪ್ರಿಂಟನ್ನು ಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು. ಬೆರಳು ಮೂಗುತಿಯ ಮೇಲೆ ನಿಂತಿತು. ಆಮೇಲೆ ಹಣೆಗೆ, ಕೂದಲಿಗೆ.

"ಯಾವಾಗ ಇಷ್ಟು ಬೆಳ್ಳಗಾತು ಕೂದ್ಲು? ಹೇಳೇ ಇಲ್ಲಲ್ಲ ನೀನು."

"ನೀವು ಕೇಳಿದ್ರೇನ್ರಿ?" ಅಮೀನಾಬೀ ಸೆರಗು ಮುಂದಕ್ಕೆ ಎಳೆದುಕೊಂಡರು. ಈ ವಯಸ್ಸಿನಲ್ಲೂ ನಾಚಿಕೆ.

ಬಳೆ ಸದ್ದಿಗೆ ಬಡೇಸಾಬರು ತಲೆ ಎತ್ತಿದರು. "ಮುಚ್ಕೋಬ್ಯಾಡ."

ಖುಷಿಯೋ ಖುಷಿ. ಚಹಾಕ್ಕೂ ನಿಲ್ಲದೆ ಎದ್ದು ಬಂದೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗುತ್ತಿದೆ. ಮನೆಗೆ ಹೋದ ಕೂಡಲೇ ವಾಣಿಯನ್ನು ಬೆಳಕಿಗೆ ಕೂರಿಸಿ, ಕ್ಯಾಮೆರಾ ಗೀಮೆರಾ ಏನೂ ಬೇಡ, ಸುಮ್ಮನೆ ಒಮ್ಮೆ ನೋಡಬೇಕು.