ವೆಂಡೆಲ್ ಫಾದರ್ ಪಾಲಿನ ತಟ್ಟೆ

ಮೇ 9, 1950

ಬೆಳಗಿನ ಜಪ. ಚರ್ಚಿನಲ್ಲಿ ಬಲಿಪೂಜೆ. ಆಮೇಲೆ ದ್ರಾಕ್ಷಿ ಬಳ್ಳಿ ಕಟ್ಟುವ ಕೆಲಸ. ಬಾಲಟೋನ್ ಸರೋವರದ ಕಡೆಯಿಂದ ತಣ್ಣನೆ ಗಾಳಿ.

ವೆಂಡೆಲ್ ಫಾದರ್ ತೀರಿಕೊಂಡು ವಾರವಾಯಿತು. ಊಟದ ಮೇಜಿನಲ್ಲಿ ಅವರ ಜಾಗಕ್ಕೆ ಶಿಲುಬೆ ಇಟ್ಟಿದ್ದೇವೆ. ತಿಂಗಳು ತುಂಬುವವರೆಗೆ ಅವರ ಪಾಲಿನ ಊಟ ಬಡವನೊಬ್ಬನಿಗೆ — ಮಠದ ಪದ್ಧತಿ. ಈ ಸಲದವನು ರೆಜೋ. ಗಣಿಯಲ್ಲಿದ್ದನಂತೆ, ಕೆಲಸ ಹೋಯಿತಂತೆ. ರೊಟ್ಟಿಯ ಅಂಚನ್ನೆಲ್ಲ ತಟ್ಟೆಯಲ್ಲೇ ಬಿಟ್ಟ. ಹಸಿದವನಿಗೆ ಅಂಚು, ನಡು ಎಂಬ ಭೇದವುಂಟೇ?

ಮೇ 12, ಶುಕ್ರವಾರ

ರೆಜೋ ಮೇಲಿನ ಅನುಮಾನವನ್ನು ಅಡುಗೆಮನೆಯ ಬ್ರದರ್ ಕೆಲೆಮೆನ್‌ಗೆ ಹೇಳಿದೆ. "ಹಲ್ಲು ನೋವೇನೋ. ನಿಮ್ಗೆ ಯಾವಾಗ್ಲೂ ಬೇರೆಯವ್ರ ತಟ್ಟೆ ಮೇಲೇ ಕಣ್ಣು, ಫಾದರ್," ಅಂದ.

ಸಂಜೆ ಪಿರೋಷ್ಕಾ ಅಜ್ಜಿಯ ನೆಲಮಾಳಿಗೆ. ಧರ್ಮಪಾಠಕ್ಕೆ ಕಮ್ಯುನಿಸ್ಟ್ ಸರ್ಕಾರ ಅಡ್ಡಿ ಮಾಡಿದ ಮೇಲೆ ಊರಿನ ಮಕ್ಕಳಿಗೆ ಅಲ್ಲೇ ಪಾಠ, ದ್ರಾಕ್ಷಾರಸದ ಪೀಪಾಯಿಗಳ ನಡುವೆ ಬಲಿಪೂಜೆ. ಸಿಕ್ಕಿಬಿದ್ದರೆ ಅಜ್ಜಿಗೆ ಜೈಲು. ಹುಷಾರು ಎಂದರೆ ನಗುತ್ತಾಳೆ. "ಎಪ್ಪತ್ತು ದಾಟ್ತು. ನನ್ನ ಹಿಡ್ಕೊಂಡೋಗಿ ಏನ್ ಸಾರು ಮಾಡ್ತಾರಾ?"

ನನಗೆ ನಗು ಬರಲಿಲ್ಲ.

ಮೇ 17

ನನ್ನ ಅನುಮಾನ ಮಠಾಧಿಪತಿಗಳ ಕಿವಿಗೆ ಬಿದ್ದಿದೆ. ಎಲ್ಲರೆದುರು ಗದರಿದರು. ಅತಿಥಿಯಲ್ಲಿ ಕ್ರಿಸ್ತನನ್ನು ಕಾಣು ಎನ್ನುತ್ತದೆ ನಮ್ಮ ನಿಯಮ, ನೀವು ಪೊಲೀಸರನ್ನು ಕಾಣುತ್ತೀರಿ ಎಂದರು. ಪ್ರಾಯಶ್ಚಿತ್ತ — ರೆಜೋನ ಪಾದ ತೊಳೆಯುವುದು.

ತೊಳೆದೆ. ಹಿಮ್ಮಡಿ ಮಗುವಿನ ಕೆನ್ನೆಯ ಹಾಗೆ. ಗಣಿಯವನ ಕಾಲೇ ಇದು? ಅಷ್ಟರಲ್ಲಿ ಅವನ ಕಣ್ಣಲ್ಲಿ ನೀರು. "ಪ್ರಸಾದ ತಗೊಂಡು ಎಷ್ಟೋ ವರ್ಷ ಆಯ್ತು, ಫಾದರ್. ಚರ್ಚಲ್ಲಿ ಯಾರಾದ್ರೂ ನೋಡ್ತಾರೆ. ಬೇರೆ ಎಲ್ಲಾದ್ರೂ ಇದ್ಯಾ?"

ನಾಚಿಕೆಯಾಯಿತು ನನಗೆ, ನನ್ನ ಬಗ್ಗೆಯೇ. ನೆಲಮಾಳಿಗೆಯ ದಾರಿ ಹೇಳಿದೆ.

ಮೇ 19, ಶುಕ್ರವಾರ

ಬಂದ. ಪ್ರಸಾದ ತೆಗೆದುಕೊಂಡ. ಅಜ್ಜಿ ಲೋಟ ತುಂಬ ದ್ರಾಕ್ಷಾರಸ ಕೊಟ್ಟಳು. ಮಕ್ಕಳ ಹೆಸರುಗಳನ್ನು ಅಕ್ಕರೆಯಿಂದ ಕೇಳಿದ.

ಮೇ 27

ನಿನ್ನೆ ಅಜ್ಜಿಯನ್ನು ಕರೆದೊಯ್ದರು. ಸಾಯುತ್ತಿದ್ದ ರೋಗಿಯೊಬ್ಬನಿಗೆ ಪವಿತ್ರ ತೈಲ ಹಚ್ಚಿ ಕೊನೆಯ ಪ್ರಾರ್ಥನೆ ಮಾಡಲು ಹೋಗಿದ್ದರಿಂದ ನಾನು ತಡವಾಗಿ ತಲುಪಿದೆ. ಬಾಗಿಲಿಗೆ ಅರಗಿನ ಮುದ್ರೆ. ಅವಳ ಒಂದು ಚಪ್ಪಲಿ ಮೆಟ್ಟಿಲ ಮೇಲೆಯೇ ಇತ್ತು. ಮಕ್ಕಳ ತಾಯಂದಿರು ನನ್ನ ಮುಖ ನೋಡಲಿಲ್ಲ.

ಇವತ್ತು ಮಧ್ಯಾಹ್ನ ರೆಜೋ ಊಟಕ್ಕೆ ಬಂದ. ಬಂದೇ ಬಂದ! ತಿಂಗಳು ತುಂಬಿಲ್ಲ, ಪಾಲು ಅವನದೇ. ನಾನೇ ಬಡಿಸಿದೆ. ಸಾರು ಚೆಲ್ಲಿತು, ಒರೆಸಿದೆ. ರೊಟ್ಟಿಯನ್ನು ಅಂಚೂ ಬಿಡದೆ ತಿಂದ. ಹೊರಡುವಾಗ ಬಾಗಿಲ ಹತ್ತಿರ, ಮೆಲ್ಲಗೆ —

"ನಾಳೆ ನನ್ಗೆ ತಟ್ಟೆ ಇಡ್ಬೇಡಿ, ಫಾದರ್. ನಿಮ್ಗೂ ಬೇಡ."

ಮೇ 28, ಪೆಂತೆಕೋಸ್ತ್ ಹಬ್ಬ

ರೆಜೋನ ಮಾತು ಕೇಳಿ, ಎಲ್ಲಾದರೂ ಹೋಗಿಬಿಡಿ ಎಂದರು ಮಠಾಧಿಪತಿಗಳು. ದಾರಿ ಹೇಳಿಕೊಟ್ಟವನು ನಾನು, ಓಡಿಹೋದರೆ ಅಜ್ಜಿಯ ಗತಿ? ಪೊಲೀಸರ ಹತ್ತಿರ ನಾನೇ ಹೋಗುತ್ತೇನೆ. ಈ ದಿನಚರಿಯನ್ನು ಒಲೆಗೆ ಹಾಕಲು ಕೆಲೆಮೆನ್‌ಗೆ ಹೇಳಿದ್ದೇನೆ. ತಲೆಯಾಡಿಸಿದ. ಎರಡೂ ತಟ್ಟೆ ಇಟ್ಟಿದ್ದಾನೆ, ಹಟಮಾರಿ. ಹಬ್ಬಕ್ಕೆ ಗಸಗಸೆ ಶಾವಿಗೆ.

ಹೆದರಿಕೆಯಾಗುತ್ತಿದೆ. ಬರೆದರೆ ಕಡಿಮೆಯಾದೀತು ಎಂದುಕೊಂಡೆ.

ಲಾರಿಯ ಸದ್ದು. ಮುಂಬಾಗಿಲ ಗಂಟೆ. ಯಾರೇ ಬಂದರೂ 'ದೇವರಿಗೆ ಸ್ತೋತ್ರ' ಎಂದೇ ಬಾಗಿಲು ತೆಗೆಯಬೇಕು, ಅದೂ ನಿಯಮ. ಕೆಲೆಮೆನ್ ಹೇಳಿದ್ದು ಕೇಳಿಸಿತು. ಬೂಟುಗಳು… ಪೊಲೀಸರಿಗೆ ಹೇಳಬೇಕಾದದ್ದು ಇಷ್ಟೇ — ನೆಲಮಾಳಿಗೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು, ಅಜ್ಜಿಗೆ ಏನೂ